ಹುಳುಮನೆಯ ಕಿಟಕಿಯಾಚೆ ಕೂತ ಅಕ್ಕ

ರೇಷ್ಮೆ ಹುಳು ಸಾಕುವ ನಮ್ಮ ಹುಳುಮನೆಗೆ ನಾಲ್ಕು ಕಿಟಕಿಗಳಿವೆ. ಆದರೆ ಅಕ್ಕನ ಕಿಟಕಿ ಎಂದರೆ ಯಾವುದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತು. ಪೂರ್ವದ ಕಡೆಯದು. ಹುಳುವಿನ ಮೈಮೇಲೆ ಮೊಟ್ಟೆಯಿಟ್ಟು ಕೊಲ್ಲುವ ಊಜಿ ನೊಣ ಬರಬಾರದೆಂದು ಬಲೆ ಹೊಡೆದಿದೆ, ಹೊರಗಡೆ ಅದರ ಕೆಳಗೆ ಒಂದು ಹಾಸುಗಲ್ಲಿದೆ. ಆಸ್ಪತ್ರೆಯಲ್ಲಿ ನರ್ಸ್ ಆಗಿರುವ ನನ್ನ ಅಕ್ಕ ಊರಿಗೆ ಬಂದಾಗಲೆಲ್ಲ ಆ ಕಲ್ಲಿನ ಮೇಲೆ ಕೂರುತ್ತಿದ್ದಳು. ಒಳಗೆ ಅಮ್ಮ ಹುಳುವಿಗೆ ಸೊಪ್ಪು ಹಾಕುತ್ತಾ, ಹೊರಗೆ ಇವಳು ಊದಿದ ಕಾಲು ನೀವಿಕೊಳ್ಳುತ್ತಾ ಮಾತಾಡುತ್ತಿದ್ದರು. ವರ್ಷಗಟ್ಟಲೆ ತಾಯಿ ಮಗಳ ಕಷ್ಟಸುಖವೆಲ್ಲ ಆ ಬಲೆಯ ಮೂಲಕವೇ ನಡೆಯಿತು.

ಯಾಕೆಂದು ಹೇಳಿಬಿಡುತ್ತೇನೆ. ಜಂಗಮಕೋಟೆಯ ಹತ್ತಿರದ ನಮ್ಮೂರಿನಲ್ಲಿ ಹಿಪ್ಪುನೇರಳೆ ಇಲ್ಲದ ಹೊಲ ಕಡಿಮೆ, ಹುಳು ಮೇಯಿಸದ ಮನೆ ಇನ್ನೂ ಕಡಿಮೆ. ಹುಳು ಒಳಗಿರುವಷ್ಟು ದಿನ ಬಾಣಂತಿ ಮನೆಯ ಕಟ್ಟುಪಾಡು. ಒಗ್ಗರಣೆಯ ಘಾಟು ಅತ್ತ ಸುಳಿಯಬಾರದು. ಸೆಂಟು ಪೂಸಿಕೊಂಡವರು, ಬೀಡಿ ಸೇದಿ ಬಂದವರು ಬಾಗಿಲ ಹತ್ತಿರವೂ ನಿಲ್ಲಬಾರದು. ಇಷ್ಟು ಎಲ್ಲರ ಮನೆಯಲ್ಲೂ ಇರುವುದೇ. ಅಮ್ಮ ಇದಕ್ಕೆ ತನ್ನದೊಂದು ಕಾನೂನು ಸೇರಿಸಿದ್ದಳು. ಆಸ್ಪತ್ರೆಗೆ ಹೋಗಿ ಬಂದವರು ಆ ಬೆಳೆ, ಅಂದರೆ ಆ ಸರದಿಯ ಹುಳು ಗೂಡು ಕಟ್ಟಿ ಮುಗಿಯುವವರೆಗೂ ಹುಳುಮನೆಯೊಳಗೆ ಕಾಲಿಡುವಂತಿಲ್ಲ. ಹಿಂದೆ ಒಮ್ಮೆ ಅಪ್ಪ ಆಸ್ಪತ್ರೆಯಲ್ಲಿ ನೆಂಟರನ್ನು ನೋಡಿಕೊಂಡು ಬಂದವನು ಹಾಗೇ ಸೊಪ್ಪು ಹಾಕಿದ್ದನಂತೆ. ಮೂರನೇ ದಿನಕ್ಕೆ ಸಪ್ಪೆ ರೋಗ ಬಂದು ಇಡೀ ಬೆಳೆ ತಿಪ್ಪೆ ಸೇರಿತು. ಅಪ್ಪ ತೀರಿಕೊಂಡು ಎಷ್ಟೋ ವರ್ಷವಾದರೂ ಆ ತಪ್ಪನ್ನು ಅಮ್ಮ ಅವನಿಗೆ ಮಾಫಿ ಮಾಡಿರಲಿಲ್ಲ.

ಆಮೇಲೆ ಅಕ್ಕ ನರ್ಸ್ ಆದಳು. ನಮ್ಮಲ್ಲಿ ಒಂದು ಬೆಳೆ ಮುಗಿದು ಮನೆ ತೊಳೆಯುವಷ್ಟರಲ್ಲಿ ಇನ್ನೊಂದು ಬೆಳೆಯ ಮರಿ ಬಂದಿರುತ್ತದೆ. ಅಕ್ಕ ದಿನವೂ ಆಸ್ಪತ್ರೆಯಲ್ಲಿರುವವಳು. ಎರಡನ್ನೂ ಕೂಡಿಸಿ ನೋಡಿದರೆ ಅವಳು ಜನ್ಮದಲ್ಲಿ ಹುಳುಮನೆಗೆ ಬರುವಂತಿಲ್ಲ ಎಂದಾಯಿತು. ಹಾಗೆಂದು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಬಂದವಳು ದನದ ತೊಟ್ಟಿಯ ಪಕ್ಕ ಸ್ನಾನ ಮಾಡಿ, ಅಮ್ಮನ ಹಳೆ ಸೀರೆ ಉಟ್ಟುಕೊಂಡು, ಕಲ್ಲಿನ ಮೇಲೆ ಹೋಗಿ ಕೂರುತ್ತಿದ್ದಳು. ನಾನು ಒಂದು ಸಲ ಅಮ್ಮನಿಗೆ ಹೇಳಿದೆ, ಬೆಳೆ ಮುಗಿದ ಮೇಲೆ ನಾವೇ ಬ್ಲೀಚಿಂಗ್ ಪೌಡರ್ ಹಾಕಿ ಈ ಮನೆ ತೊಳೀತೀವಲ್ಲ, ಆ ವಾಸನೆ ಬೇರೆ, ಅಕ್ಕನ ವಾಸನೆ ಬೇರೆನಾ ಅಂತ.

"ಅದು ಹುಳ ಇಲ್ದಾಗ ಕಣೋ. ನೀನು ಸೊಪ್ಪು ಕುಯ್ಕೊಂಡ್ ಬಾ, ಲಾಯರಿಕೆ ಆಮೇಲೆ ಮಾಡುವಂತೆ" ಅಂದಳು ಅಮ್ಮ.

ಅಕ್ಕನಿಗೆ ಕೋಪ ಬರುತ್ತಿರಲಿಲ್ಲ. ನಮ್ಮ ಮನೆಯ ಸಿಟ್ಟೆಲ್ಲ ನನ್ನೊಬ್ಬನ ಪಾಲಿಗೆ ಬಂದಿದೆ. ಆದರೆ ಹುಳು ಹಣ್ಣಾಗುವ ದಿನ ಅವಳ ಮುಖ ನೋಡಲಾಗುತ್ತಿರಲಿಲ್ಲ. ಮೇವು ಬಿಟ್ಟು, ಮೈ ತಿಳಿಯಾಗಿ, ಗೂಡು ಕಟ್ಟಲು ತಯಾರಾದ ಹುಳುವಿಗೆ ಹಣ್ಣು ಹುಳು ಎನ್ನುತ್ತೇವೆ. ಅಂಥವನ್ನು ಒಂದೊಂದಾಗಿ ಆರಿಸಿ ಚಂದ್ರಿಕೆಗೆ ಬಿಡಬೇಕು. ಚಂದ್ರಿಕೆ ಅಂದರೆ ಬಿದಿರಿನ ದೊಡ್ಡ ತಟ್ಟೆ, ಅದರ ಸುರುಳಿಗಳ ಸಂದಿಯಲ್ಲಿ ಹುಳು ಗೂಡು ಕಟ್ಟುತ್ತದೆ. ಬೇಗ ಆರಿಸಿದರೆ ಇನ್ನೂ ಹಸಿ, ತಡವಾದರೆ ಸಿಕ್ಕಸಿಕ್ಕಲ್ಲಿ ನೂಲು ಬಿಟ್ಟು ದಂಡ. ಒಂದೇ ಒಂದು ದಿನದ ಕೆಲಸ. ಮನೆಮಂದಿಯೆಲ್ಲ ಊಟ ಬಿಟ್ಟು ಕೂರಬೇಕು.

ಹುಡುಗಿಯಾಗಿದ್ದಾಗ ಅಕ್ಕ ಇದರಲ್ಲಿ ಊರಿಗೇ ಮೊದಲಿಗಳು. ಎರಡೂ ಕೈಯಲ್ಲಿ ಆರಿಸುತ್ತಿದ್ದಳು. ನಾನು ಒಂದು ಚಂದ್ರಿಕೆ ತುಂಬುವಷ್ಟರಲ್ಲಿ ಮೂರು ತುಂಬಿ, ನನ್ನದರಲ್ಲಿದ್ದ ಹಸಿ ಹುಳುಗಳನ್ನು ಹೆಕ್ಕಿ ವಾಪಸ್ಸು ಸೊಪ್ಪಿನ ಮೇಲೆ ಬಿಡುತ್ತಿದ್ದಳು. "ಇದಿನ್ನೂ ಹಸ್ಕೊಂಡಿದೆ ಕಣೋ, ಮುಖ ನೋಡಿದ್ರೆ ಗೊತ್ತಾಗಲ್ವ?" ಅನ್ನುತ್ತಿದ್ದಳು. ಹುಳುವಿನ ಮುಖ ನೋಡಿ ಹಸಿವು ತಿಳಿಯುವ ಹುಡುಗಿ ನರ್ಸ್ ಆಗದೆ ಇನ್ನೇನಾಗಬೇಕಿತ್ತು. ಆ ದಿನಗಳ ಸದ್ದು, ಅಮ್ಮನ ಬೈಗುಳ, ಅಕ್ಕನ ಹಳದಿಯಾದ ಬೆರಳುಗಳು ನನಗೆ ಈಗಲೂ ಬೇಕು. ಹಣ್ಣಿನ ದಿನ ಬಂದಾಗಲೆಲ್ಲ ಪಕ್ಕದಲ್ಲಿ ಅವಳು ಕೂರುತ್ತಿದ್ದ ಜಾಗವನ್ನು ತಿರುಗಿ ನೋಡುತ್ತೇನೆ.

ಅವಳ ಆಸ್ಪತ್ರೆ ಯಾವ ಊರಿನದೆಂದು ಬರೆಯುವುದಿಲ್ಲ. ಚಿಂತಾಮಣಿ, ಶಿಡ್ಲಘಟ್ಟ, ಗೌರಿಬಿದನೂರು, ಯಾವುದಾದರೂ ಅಂದುಕೊಳ್ಳಿ, ಅವಳ ಕೆಲಸಕ್ಕೆ ಕುತ್ತು ಬರುವುದು ಬೇಡ. ಎರಡು ವಾರ್ಡಿಗೆ ಅವಳೊಬ್ಬಳೇ ಇರುವ ದಿನಗಳೇ ಹೆಚ್ಚು. ಖಾಲಿ ಜಾಗಗಳಿಗೆ ಇವತ್ತು ಬರ್ತಾರೆ, ನಾಳೆ ಬರ್ತಾರೆ ಅಂತ ಹೇಳಿ ಹೇಳಿ, ಹೇಳುವವರೇ ರಿಟೈರ್ ಆದರು. ಅರ್ಧ ಹೊತ್ತು ರೋಗಿಗೆ, ಅರ್ಧ ಹೊತ್ತು ರಿಜಿಸ್ಟರಿಗೆ. ಬರೆದದ್ದನ್ನೇ ಮತ್ತೆ ಕಂಪ್ಯೂಟರಿಗೂ ಹಾಕಬೇಕು. ಡಾಕ್ಟರು ಸುತ್ತು ಬಂದು ಹೋದ ಮೇಲೆ ಜನರ ಕೈಗೆ ಸಿಗುವವಳು ಇವಳೇ ಆದ್ದರಿಂದ ಬೈಗುಳವೂ ಇವಳಿಗೇ. ಬೆಳಿಗ್ಗೆ ಕಟ್ಟಿಕೊಂಡು ಹೋದ ಮುದ್ದೆ ಸಂಜೆ ನಾಲ್ಕಕ್ಕೆ ಡಬ್ಬಿ ತೆರೆದಾಗ ಕಲ್ಲಾಗಿರುತ್ತಿತ್ತಂತೆ. ನೀರು ಕುಡಿದರೆ ಬಚ್ಚಲಿಗೆ ಹೋಗಬೇಕಾಗುತ್ತದೆ, ಹೋದರೆ ವಾರ್ಡಿನಲ್ಲಿ ಯಾರೂ ಇರುವುದಿಲ್ಲ ಎಂದು ನೀರನ್ನೂ ಕಡಿಮೆ ಮಾಡಿದ್ದಳು. ಇದನ್ನು ಅವಳು ನಗುತ್ತಾ ಹೇಳುತ್ತಿದ್ದಳು. ನನಗೆ ಮೈ ಉರಿಯುತ್ತಿತ್ತು.

ನೆಂಟರಿಗೆ ಮಾತ್ರ ಅವಳದು ಸುಖದ ಕೆಲಸ. ಸರ್ಕಾರಿ ಸಂಬಳ, ಫ್ಯಾನಿನ ಕೆಳಗೆ ಕೂರೋದು. ದೂರದ ಬೆಟ್ಟ ನುಣ್ಣಗೆ. ಮಂಡಿಕಲ್ಲಿನ ಕಡೆಯ ನೆಂಟರೊಬ್ಬರಿಗೆ ಅವಳು ಬೆಡ್ ಕೊಡಿಸಲು ಆಗಲಿಲ್ಲವೆಂದು ಒಂದು ಮದುವೆಗೆ ನಮಗೆ ಕರೆಯೋಲೆಯೇ ಬರಲಿಲ್ಲ. ಊರಿನವರು ಕೆಮ್ಮಿದರೂ ಅವಳಿಗೇ ಫೋನು. ಹಬ್ಬಕ್ಕೆ ಅವಳು ಬರದೇ ಇದ್ದಾಗ ಅಮ್ಮನೂ ಒಮ್ಮೊಮ್ಮೆ, "ಊರಿಗೆ ಉಪಕಾರಿ, ಮನೆಗೆ ಮಾರಿ" ಅಂದುಬಿಡುತ್ತಿದ್ದಳು. ಅಂದ ಮೇಲೆ ಅವಳ ಪಾಲಿನ ಒಬ್ಬಟ್ಟನ್ನು ಬಟ್ಟೆಯಲ್ಲಿ ಕಟ್ಟಿ ನನ್ನ ಬೈಕಿಗೆ ನೇತುಹಾಕುತ್ತಿದ್ದಳು.

ಹೋದ ವರ್ಷದ ಒಂದು ಬೆಳೆ. ಹುಳು ಕೊನೆಯ ಹಂತದಲ್ಲಿತ್ತು, ಎಷ್ಟು ಸೊಪ್ಪು ಹಾಕಿದರೂ ಸಾಲದು ಅನ್ನುವ ಹೊತ್ತು. ಅಮ್ಮನಿಗೆ ಜ್ವರ ಬಂತು. ಬಂದು ಮೂರು ದಿನವಾಗಿದ್ದು ನಮಗೆ ತಿಳಿದದ್ದು, ಅವಳು ಸೊಪ್ಪಿನ ಕಟ್ಟು ಎತ್ತಲಾರದೆ ಗೋಡೆ ಹಿಡಿದುಕೊಂಡು ನಿಂತಾಗ. ಉಸಿರು ಬಿಡುವುದು ಆಚೆಗೆ ಕೇಳಿಸುತ್ತಿತ್ತು. ಆಸ್ಪತ್ರೆಗೆ ನಡಿ ಅಂದೆ.

"ಇನ್ನೆರಡು ದಿನ ಕಣಪ್ಪ. ಹುಳ ಹಣ್ಣಾಗ್ಲಿ, ಚಂದ್ರಿಕೆ ಹತ್ಲಿ. ಆಮೇಲೆ ಎಲ್ಲಿಗ್ ಕರೆದ್ರೆ ಅಲ್ಲಿಗ್ ಬರ್ತೀನಿ. ಈಗ ಹೋದ್ರೆ ವಾಪಸ್ ಒಳಕ್ಕೆ ಬರೋ ಹಂಗಿಲ್ವಲ್ಲ."

ಅವಳ ಕಾನೂನು ಅವಳಿಗೂ ಒಂದೇ. ನನ್ನ ಹೆಂಡತಿ ಕಾಲು ಹಿಡಿಯುವುದೊಂದು ಬಾಕಿ, ನಾನು ಕೂಗಾಡಿದೆ. ಕೇಳಲಿಲ್ಲ. ಬೆಳಿಗ್ಗೆ ಹತ್ತಕ್ಕೆ ಅಕ್ಕನಿಗೆ ಫೋನು ಮಾಡಿದೆ, ಎತ್ತಲಿಲ್ಲ. ಆರು ಸಲ ಮಾಡಿದೆ. ಸ್ವಂತ ತಾಯಿ ಇಲ್ಲಿ ಹೀಗಿದ್ದಾಳೆ, ಇವಳಿಗೆ ಫೋನು ಎತ್ತುವಷ್ಟು ಪುರುಸೊತ್ತಿಲ್ಲ ಎಂದು ಹಲ್ಲು ಕಡಿದೆ. ಮಧ್ಯಾಹ್ನ ಒಂದು ಗಂಟೆಗೆ ಅವಳೇ ಮಾಡಿದಳು. ಅಮ್ಮನಿಗೆ ಮೂರು ದಿನದಿಂದ ಜ್ವರ, ಏದುಸಿರು ಬಿಡ್ತಿದ್ದಾಳೆ ಅಂದೆ. ನಾನು ಬೈಯಲು ಶುರುಮಾಡುವ ಮೊದಲೇ, "ಗಡಿಯಾರ ನೋಡ್ಕೊಂಡು ಒಂದು ನಿಮಿಷ ಅಮ್ಮನ ಉಸಿರು ಎಣ್ಸು" ಅಂದಳು. ಎಣಿಸಿದೆ. ಮೂವತ್ತಾರು ಅಂದೆ. ಇಪ್ಪತ್ತು ದಾಟಬಾರದು ಎಂದಳು.

"ಅಮ್ಮನಿಗೆ ಫೋನ್ ಕೊಡು" ಅಂದಳು.

ಏನು ಹೇಳಿದಳೋ ಗೊತ್ತಿಲ್ಲ. ಅಮ್ಮ ಫೋನು ನನ್ನ ಕೈಗೆ ಕೊಟ್ಟು, ಹುಳುಗಳ ಸಾಲನ್ನೊಮ್ಮೆ ನೋಡಿ, ನನ್ನ ಹೆಂಡತಿಗೆ "ಸೊಪ್ಪು ಒದ್ದೆ ಇದ್ರೆ ಹಾಕ್ಬೇಡ ಕಣಮ್ಮ" ಎಂದು ಹೇಳಿ ಹೊರಗೆ ಬಂದಳು. ಅಕ್ಕನ ಆಸ್ಪತ್ರೆಯವರೆಗೂ ಆಟೋದಲ್ಲಿ ನನ್ನ ಭುಜಕ್ಕೆ ಒರಗಿ ಕೂತಿದ್ದಳು.

ಶ್ವಾಸಕೋಶಕ್ಕೆ ಸೋಂಕು ತಗಲಿತ್ತು. ಇನ್ನೊಂದು ದಿನ ಬಿಟ್ಟಿದ್ದರೆ ಕಷ್ಟವಾಗುತ್ತಿತ್ತು ಎಂದರು ಡಾಕ್ಟರು. ಹೆಂಗಸರ ವಾರ್ಡಿನ ಕೊನೆಯ ಬೆಡ್ ಸಿಕ್ಕಿತು. ಸೂಜಿ ಚುಚ್ಚಲು ಬಂದವಳು ಅಕ್ಕನೇ. "ಅಮ್ಮಾ, ಕೈ ಸಡಿಲ ಬಿಡಿ, ಬಿಗಿ ಹಿಡೀಬೇಡಿ" ಅಂದಳು. ಎಲ್ಲ ಬೆಡ್ಡುಗಳಲ್ಲೂ ಅದೇ ಮಾತು ಹೇಳಿಕೊಂಡು ಬಂದಿದ್ದಳು, ಬಾಯಿಗೆ ಅದೇ ಬಂದಿರಬೇಕು. ಅವಳು ಹೋದ ಮೇಲೆ ಅಮ್ಮ, "ನಂಗೇ ಬಿಡಿ, ಹಿಡೀಬೇಡಿ ಅಂತಾಳಲ್ಲೋ" ಎಂದು ಮೆಲ್ಲಗೆ ಅಂದಳು. ನಗುತ್ತಿದ್ದಾಳೋ ಅಳುತ್ತಿದ್ದಾಳೋ ಆಮ್ಲಜನಕದ ಮಾಸ್ಕಿನಲ್ಲಿ ತಿಳಿಯಲಿಲ್ಲ.

ಒಂದೂವರೆ ದಿನ ನಾನು ಆ ವಾರ್ಡಿನ ಬಾಗಿಲಲ್ಲಿ ಕೂತು ಅಕ್ಕ ಓಡಾಡುವುದನ್ನು ನೋಡಿದೆ. ಅಷ್ಟು ವರ್ಷದಲ್ಲಿ ಅವಳ ಕೆಲಸವನ್ನು ನಾನು ಕಣ್ಣಾರೆ ನೋಡಿದ್ದು ಅದೇ ಮೊದಲು. ಪಕ್ಕದ ಬೆಡ್ಡಿನ ಮುದುಕಿ ತೆಲುಗಿನಲ್ಲಿ ನೀರು ಕೇಳುತ್ತಿದ್ದಳು, "ಒಸ್ತಾನವ್ವಾ" ಎಂದು ಇವಳು ಬರುತ್ತೇನೆಂದು ಹೇಳಿ ಓಡುತ್ತಿದ್ದಳು. ಹೆರಿಗೆ ವಾರ್ಡು ಕಾರಿಡಾರಿನ ಆ ತುದಿಯಲ್ಲಿ. ಎರಡರ ಮಧ್ಯೆ ಎಷ್ಟು ಸಲ ಹೋಗಿ ಬಂದಳೋ. ಅಮ್ಮನ ಬೆಡ್ ದಾಟುವಾಗೊಮ್ಮೆ ಹೊದಿಕೆಯ ಅಂಚನ್ನು ಎಳೆದು ಸರಿಮಾಡುತ್ತಿದ್ದಳು, ನಿಲ್ಲುತ್ತಿರಲಿಲ್ಲ. ಅಮ್ಮನ ಕಣ್ಣು ಅವಳ ಹಿಂದೆಯೇ ಬಾಗಿಲವರೆಗೆ ಹೋಗುತ್ತಿತ್ತು. ಮಗಳು ಹತ್ತು ಮಾರು ದೂರದಲ್ಲೇ ಇದ್ದಾಳೆ, ಪಕ್ಕದಲ್ಲಿ ಕೂರುವಂತಿಲ್ಲ.

ಎರಡನೇ ದಿನ ಮಧ್ಯಾಹ್ನ ಅಮ್ಮನ ಡ್ರಿಪ್ ಬಾಟಲಿ ಖಾಲಿಯಾಯಿತು. ನಾನು ನೋಡುತ್ತಿದ್ದಂತೆ ಕೊಳವೆಯಲ್ಲಿ ರಕ್ತ ಮೇಲಕ್ಕೆ ಏರತೊಡಗಿತು. ನರ್ಸಿನ ಮೇಜಿನ ಹತ್ತಿರ ಓಡಿದೆ, ಯಾರೂ ಇಲ್ಲ. ಆಯಾ ಇಲ್ಲ, ಡಾಕ್ಟರಿಲ್ಲ. ವಾಪಸ್ಸು ಬಂದು ನೋಡಿದರೆ ರಕ್ತ ಇನ್ನೊಂದು ಗೇಣು ಏರಿದೆ. ಕಾರಿಡಾರಿನ ತುದಿಗೆ ಓಡಿ ಹೆರಿಗೆ ವಾರ್ಡಿನ ಬಾಗಿಲಲ್ಲಿ ನಿಂತೆ. ಒಳಗೆ ಪರದೆಯ ಮೇಲುಗಡೆ ಬಾಗಿದ ಒಂದು ಬೆನ್ನು ಕಾಣಿಸಿತು. ಯಾರೆಂದು ನೋಡುವ ತಾಳ್ಮೆ ನನಗಿರಲಿಲ್ಲ.

"ಏನ್ರೀ ಸಿಸ್ಟರ್, ಅಲ್ಲಿ ಸತ್ತ ಮೇಲೆ ಬರ್ತೀರಾ? ಸಂಬಳ ತಗೊಳ್ಳಲ್ವ ನೀವು?"

"ಎರಡು ನಿಮಿಷ, ಬರ್ತೀನಿ" ಎಂದಿತು ಆ ಬೆನ್ನು, ತಿರುಗದೆ. ಅಕ್ಕನ ಧ್ವನಿ.

ನಾನು ಬಾಗಿಲಿನಿಂದ ಹಿಂದೆ ಸರಿದೆ. ಅವಳಿಗೂ ನನ್ನ ಧ್ವನಿ ಗೊತ್ತಾಗಿರಲೇಬೇಕು. ಸ್ವಲ್ಪ ಹೊತ್ತಿಗೆ ಬಂದಳು, ಕೊಳವೆ ಮುಚ್ಚಿದಳು, ಅಮ್ಮನ ಕೈ ಒರೆಸಿ ಹೊಸ ಬಾಟಲಿ ಹಾಕಿದಳು. "ಇದು ಹೀಗಾದ್ರೆ ಹೆದರ್ಕೋಬೇಡ, ಈ ಚಕ್ರ ಕೆಳಕ್ಕೆ ತಿರುಗಿಸು ಸಾಕು" ಎಂದು ನನಗೆ ತೋರಿಸಿದಳು. ಅಷ್ಟೇ. ನನ್ನನ್ನು ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಸಿಟ್ಟಿನಲ್ಲಿ ಕೊಯ್ದ ಮೂಗು ಶಾಂತವಾದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಅಲ್ಲಿ ಹೋದದ್ದು ನನ್ನ ಮೂಗೇ.

ಆಮೇಲೆ ಆಯಾ ಹೇಳಿದಳು. ಪರದೆಯ ಆಚೆ ಒಬ್ಬ ಬಾಣಂತಿಗೆ ರಕ್ತ ನಿಲ್ಲದೆ, ಡಾಕ್ಟರು ಬರುವವರೆಗೆ ಅಕ್ಕ ಅವಳ ಹೊಟ್ಟೆ ಒತ್ತಿ ಹಿಡಿದುಕೊಂಡಿದ್ದಳಂತೆ. ಕೈ ತೆಗೆಯುವ ಹಾಗಿರಲಿಲ್ಲ.

"ನಿಮ್ಮಕ್ಕ ನೆನ್ನೆ ಬೆಳಿಗ್ಗೆ ಬಂದವ್ರು ಕಣಣ್ಣ, ಮನೆಗೇ ಹೋಗಿಲ್ಲ. ನೆನ್ನೆ ರಾತ್ರಿಯಿಂದ ಮೂರು ದಿನ ರಜ ಬರ್ದಿದ್ರು. ಊರಲ್ಲಿ ಹುಳ ಹಣ್ಣಾಗ್ತವೆ, ಹೋಗ್ಬೇಕು ಅಂತ ತಿಂಗ್ಳಿಂದ ಹೇಳ್ತಿದ್ರು. ಬದಲಿಗೆ ಬರೋರು ಬರ್ಲಿಲ್ಲ."

ದೇವರು ವರ ಕೊಟ್ಟರೂ ಪೂಜಾರಿ ಕೊಡ. ರಜೆ ಮಂಜೂರಾಗಿತ್ತು, ಬಿಡಿಸುವವರು ಇರಲಿಲ್ಲ. ಆದರೆ ನನಗೆ ಚುಚ್ಚಿದ್ದು ಅದಲ್ಲ. ತಿಂಗಳಿಂದ ಕೇಳಿಕೊಂಡು ಅವಳು ರಜ ತೆಗೆದದ್ದು ಎಲ್ಲಿ ಕೂರುವುದಕ್ಕೆ? ಹೊರಗಿನ ಕಲ್ಲಿನ ಮೇಲೆ. ನಾವೆಲ್ಲ ಒಳಗೆ ಹುಳು ಆರಿಸುವುದನ್ನು ಬಲೆಯಾಚೆಯಿಂದ ನೋಡುವುದಕ್ಕೆ. ನಾನು ಆಸ್ಪತ್ರೆಯ ಹಿಂದಿನ ನೀರಿನ ಟ್ಯಾಂಕಿನ ಹತ್ತಿರ ಹೋಗಿ ಅತ್ತೆ.

ಮೂರನೇ ದಿನ ಬೆಳಿಗ್ಗೆ ಹೆಂಡತಿಯ ಫೋನು. "ಹುಳ ಹಣ್ಣಾಗ್ತಾ ಇವೆ ಕಣ್ರೀ, ಗೋಡೆ ಹತ್ತೋಕೆ ಶುರುವಾಗವೆ. ಒಬ್ಳ ಕೈಲಿ ಆಗಲ್ಲ, ಬೇಗ ಬನ್ನಿ." ಅಕ್ಕನ ಕಡೆ ನೋಡಿದೆ. "ಹೋಗೋ, ಇಲ್ಲಿ ನಾನಿದೀನಲ್ಲ" ಅಂದಳು. ಹಾಗೆ ಹೇಳುವಾಗ ಅವಳ ಕಣ್ಣು ಬೇರೆಲ್ಲೋ ಇತ್ತು.

ಊರಿಗೆ ಬಂದು ಬಸ್ಸಿಳಿದವನು ಹುಳುಮನೆಯ ಬಾಗಿಲಲ್ಲಿ ಒಂದು ಕ್ಷಣ ನಿಂತೆ. ಎರಡು ರಾತ್ರಿ ಆಸ್ಪತ್ರೆಯ ನೆಲದ ಮೇಲೆ ಮಲಗಿದ್ದ ಬಟ್ಟೆ, ಮೈಯೆಲ್ಲ ಫಿನಾಯಿಲು. ಸ್ನಾನಕ್ಕೆ ಹೊತ್ತಿರಲಿಲ್ಲ. ಹುಳು ಗೋಡೆ ಏರುತ್ತಿವೆ, ಹೆಂಡತಿ ಒಬ್ಬಳೇ ಅಳುಮುಖ ಮಾಡಿಕೊಂಡು ಆರಿಸುತ್ತಿದ್ದಾಳೆ. ಹಾಗೇ ಒಳಗೆ ಹೋದೆ. ಸಂಜೆಯವರೆಗೆ ತಲೆ ಎತ್ತದೆ ಆರಿಸಿದೆ. ಬೆಳೆ ಹೋದರೆ ಹೋಗಲಿ, ಅಮ್ಮ ಬೈದರೆ ಬೈಯಲಿ ಅನ್ನಿಸಿಬಿಟ್ಟಿತ್ತು.

ಬೆಳೆ ಹೋಗಲಿಲ್ಲ. ಐದನೇ ದಿನಕ್ಕೆ ಗೂಡು ಬಿಡಿಸಿದರೆ ಗಟ್ಟಿ ಹಳದಿ ಗೂಡು, ಪ್ರತಿ ಬೆಳೆಯ ಹಾಗೆಯೇ. ಒಂದು ಹಿಡಿ ಹೆಚ್ಚೂ ಇಲ್ಲ, ಕಡಿಮೆಯೂ ಇಲ್ಲ. ಆ ಗೂಡುಗಳನ್ನು ಕೈಯಲ್ಲಿ ಹಿಡಿದುಕೊಂಡು ಸಂತೋಷಪಡಬೇಕಾದವನು ಅಕ್ಕನ ಕಿಟಕಿಯ ಕಡೆ ನೋಡುತ್ತಾ ನಿಂತೆ. ಅಷ್ಟು ವರ್ಷ ಅವಳನ್ನು ಸುಮ್ಮನೆ ಹೊರಗೆ ಕೂರಿಸಿದ್ದೆವು.

ಅಮ್ಮ ಗುಣವಾಗಿ ಮನೆಗೆ ಬಂದ ಮೇಲೆ ಹೇಳಿದೆ, ನಾನು ಆಸ್ಪತ್ರೆಯ ಬಟ್ಟೆಯಲ್ಲೇ ಒಳಗೆ ಹೋಗಿದ್ದೆನೆಂದು. ಬೈಯುತ್ತಾಳೆ ಅಂದುಕೊಂಡಿದ್ದೆ. ಅವಳು ಎದ್ದು ಹೋಗಿ ಗೂಡಿನ ರಾಶಿಗೆ ಕೈ ಹಾಕಿ, ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಹುಳು ಸರಿಯಾಗಿದೆಯೇ ಎಂದು ನೋಡಿದಳು. ತುಂಬ ಹೊತ್ತು ನೋಡಿದಳು.

"ಹಂಗಾದ್ರೆ ಅವಳು ಬರಬೋದಿತ್ತು" ಅಂದಳು.

"ಬರಬೋದಿತ್ತು."

"ನಿಮ್ಮಪ್ಪನದೂ ತಪ್ಪಿರಲಿಲ್ಲ ಅನ್ಸುತ್ತೆ" ಎಂದು ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಹೋದಳು.

ಮುಂದಿನ ಬೆಳೆಗೆ ಅಮ್ಮನೇ ನನ್ನಿಂದ ಫೋನು ಹಚ್ಚಿಸಿಕೊಂಡು ಅಕ್ಕನಿಗೆ ಹೇಳಿದಳು, "ಹಣ್ಣಿಗೆ ಬಾಮ್ಮ. ಸ್ನಾನ ಗೀನ ಏನೂ ಬೇಡ, ಹೆಂಗಿದೀಯೋ ಹಂಗೇ ಒಳಕ್ ಬಾ." ಅಕ್ಕ ಬರುತ್ತೇನೆ ಅಂದಳು, ಬರಲಾಗಲಿಲ್ಲ. ಅದರ ಮುಂದಿನ ಬೆಳೆಗೂ ಆಗಲಿಲ್ಲ. ಅವಳ ಜೊತೆಗಿದ್ದ ಇನ್ನೊಬ್ಬ ನರ್ಸ್ ಬೇರೆ ಊರಿಗೆ ವರ್ಗವಾಗಿ ಹೋಗಿದ್ದಳು, ಆ ಜಾಗಕ್ಕೆ ಯಾರೂ ಬಂದಿರಲಿಲ್ಲ. ಬಾಗಿಲು ಮುಚ್ಚಿದ್ದಾಗ ಕಿಟಕಿಯ ಹತ್ತಿರವಾದರೂ ಬಂದು ಕೂರುತ್ತಿದ್ದವಳು, ಬಾಗಿಲು ತೆರೆದ ಮೇಲೆ ಕಾಣದಂತಾದಳು.

ಮೂರನೇ ಬೆಳೆಗೆ ಬಂದಳು. ಹಣ್ಣಿನ ದಿನ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ನೇರವಾಗಿ. ಬಾಗಿಲಲ್ಲಿ ನಿಂತು ಅಮ್ಮನನ್ನು ನೋಡಿದಳು. ಅಮ್ಮ ಚಂದ್ರಿಕೆಯೊಂದನ್ನು ತನ್ನ ಪಕ್ಕದಲ್ಲಿ ಇಟ್ಟು, "ಕೂತ್ಕೋ" ಅಂದಳು. ಅಕ್ಕ ಚಪ್ಪಲಿ ಬಿಟ್ಟು ಒಳಗೆ ಬಂದು ಕೂತಳು. ಎರಡೂ ಕೈಯಲ್ಲಿ ಆರಿಸತೊಡಗಿದಳು. ಬೆರಳು ಮರೆತಿರಲಿಲ್ಲ. ನನ್ನ ಚಂದ್ರಿಕೆಯಿಂದ ಒಂದು ಹುಳು ತೆಗೆದು ಸೊಪ್ಪಿನ ಮೇಲೆ ಬಿಟ್ಟು, "ಇನ್ನೂ ನಿಂಗೆ ಕಣ್ಣು ಬಂದಿಲ್ವಲ್ಲೋ" ಅಂದಳು. ಆ ಒಂದು ಮಾತು ಕೇಳಲು ನಾನು ಇಪ್ಪತ್ತು ವರ್ಷ ಕಾದಿದ್ದೆ ಅಂದರೆ ಸುಳ್ಳಲ್ಲ.

ಅರ್ಧ ಚಂದ್ರಿಕೆ ತುಂಬಿರಬೇಕು. ನೋಡಿದರೆ ಗೋಡೆಗೆ ತಲೆಯಿಟ್ಟು ನಿದ್ದೆ ಹೋಗಿದ್ದಾಳೆ. ಅಂಗೈಯಲ್ಲಿ ಎರಡು ಹುಳು ಹಾಗೇ ಇದ್ದವು. ಅಮ್ಮ ಅವನ್ನು ಮೆಲ್ಲಗೆ ಎತ್ತಿ ಚಂದ್ರಿಕೆಗೆ ಬಿಟ್ಟು, ಸದ್ದು ಮಾಡಬೇಡಿ ಎಂದು ಕೈಸನ್ನೆ ಮಾಡಿದಳು. ನಾವು ಸುತ್ತ ಕೂತು ಸುಮ್ಮನೆ ಆರಿಸುತ್ತಿದ್ದೆವು. ಅಷ್ಟರಲ್ಲಿ ಅವಳ ಬ್ಯಾಗಿನಲ್ಲಿ ಫೋನು ಸದ್ದು ಮಾಡಿತು. ಆಸ್ಪತ್ರೆಯದು. ನಾನು ಹೊರಗೆ ತಂದು ಎತ್ತಿದೆ. ಹಗಲು ಪಾಳಿಯವಳು ಬಂದಿಲ್ಲ, ಎರಡೂ ವಾರ್ಡ್ ತುಂಬಿದೆ, ಒಂದರ್ಧ ದಿನ ಬರಲಿಕ್ಕಾಗುತ್ತಾ ಕೇಳಿ ಅಂದಿತು ಆ ಕಡೆಯ ಧ್ವನಿ. ಆ ಧ್ವನಿಯ ಹಿಂದೆ ಯಾರೋ ಗಂಡಸು ಕೂಗಾಡುತ್ತಿದ್ದ. ಸಂಬಳ ತಗೊಳ್ಳಲ್ವ ಅನ್ನುತ್ತಿದ್ದ.

ಒಳಗೆ ಬಂದೆ. ಅಮ್ಮನಿಗೆ ನನ್ನ ಮುಖ ನೋಡಿಯೇ ತಿಳಿಯಿತು. "ಎಬ್ಬಿಸ್ಬೇಡ ಕಣೋ" ಅಂದಳು. "ಫೋನ್ ಬಂದೇ ಇಲ್ಲ ಅನ್ನು. ನಿಂಗೆ ಕೈ ಮುಗೀತೀನಿ."

ಅಕ್ಕನ ಬಾಯಿ ಸ್ವಲ್ಪ ತೆರೆದಿತ್ತು. ಹಣೆಯ ಮೇಲೆ ನರೆತ ಕೂದಲು ಅಂಟಿತ್ತು. ಎಬ್ಬಿಸಬಾರದೆಂದು ನನಗಿಂತ ಹೆಚ್ಚಾಗಿ ಯಾರೂ ಬಯಸಿರಲಿಕ್ಕಿಲ್ಲ. ಆದರೆ ಫೋನಿನಲ್ಲಿ ಕೂಗಾಡುತ್ತಿದ್ದವನು ನನಗೆ ಗೊತ್ತಿದ್ದ. ಅವನಿಗೂ ಒಬ್ಬಳು ತಾಯಿ ಇರಬೇಕು, ಕೊಳವೆಯಲ್ಲಿ ರಕ್ತ ಮೇಲಕ್ಕೇರುತ್ತಿರಬೇಕು. ಯಾವ ಚಕ್ರ ತಿರುಗಿಸಬೇಕೆಂದು ಅವನಿಗೆ ಹೇಳಿಕೊಟ್ಟವರಿಲ್ಲ.

ನಾನೇ ಎಬ್ಬಿಸಿದೆ. ಆಸ್ಪತ್ರೆಯಿಂದ ಫೋನು ಅಂದೆ. ಮುಖ ತೊಳೆದುಕೊಂಡು ಬೈಕಿನ ಹಿಂದೆ ಕೂತಳು. ಬಿಟ್ಟು ವಾಪಸ್ಸು ಬಂದಾಗ ಅಮ್ಮ ಇನ್ನೂ ಆರಿಸುತ್ತಿದ್ದಳು. ಅಕ್ಕ ಅರ್ಧ ತುಂಬಿದ ಚಂದ್ರಿಕೆಗೆ ನಾನು ಹುಳು ಬಿಡಲು ಹೋದಾಗ ಕೈ ಅಡ್ಡ ಹಿಡಿದಳು.

"ಅದು ಹಂಗೇ ಇರ್ಲಿ. ಬಂದು ಅವಳೇ ತುಂಬ್ತಾಳೆ."

ಹುಳು ಯಾರಿಗೂ ಕಾಯುವುದಿಲ್ಲವೆಂದು ನನಗೆ ಕಲಿಸಿದವಳೇ ಅಮ್ಮ. ನಾನು ಬೇರೆ ಚಂದ್ರಿಕೆ ಎಳೆದುಕೊಂಡೆ. ಆ ಬೆಳೆಯ ಗೂಡು ಬಿಡಿಸುವಾಗ ಆ ಚಂದ್ರಿಕೆಯ ಒಂದು ಅರ್ಧದಲ್ಲಿ ಗೂಡುಗಳಿದ್ದವು, ಇನ್ನೊಂದು ಅರ್ಧದಲ್ಲಿ ಬರೀ ಬಿದಿರು.